ಇಪ್ಪತ್ನಾಲ್ಕು ಸುತ್ತು

ಸುರುಳಿಗೆ ಇಪ್ಪತ್ತೈದು ಸುತ್ತುಗಳಿದ್ದವು. ತಾಮ್ರದ ತಂತಿ ಎಲ್ಲಿಯೂ ಒಂದರ ಮೇಲೊಂದು ಏರಿರಲಿಲ್ಲ. ಎರಡು ತುದಿಗಳೂ ಒಂದೇ ಗೆರೆಯಲ್ಲಿ ಆಚೀಚೆ ಚಾಚಿದ್ದವು. ಒಂದು ತುದಿಯ ಇನಾಮಲ್ ಲೇಪ ಪೂರ್ತಿ ಕೆರೆದಿತ್ತು, ಇನ್ನೊಂದರಲ್ಲಿ ಒಂದು ಮಗ್ಗುಲು ಮಾತ್ರ.

“ಬೇಟಾ, ಇಧರ್ ಆಧಾ ಹೀ ಕ್ಯೂಂ ಘಿಸಾ ಹೈ?”

ಇಲ್ಲಿ ಅರ್ಧವೇ ಏಕೆ ಕೆರೆದದ್ದು ಎಂದು ವಿಜ್ಞಾನದ ಟೀಚರ್ ಕೇಳುತ್ತಿದ್ದರು. ನನಗೆ ಗೊತ್ತಿರಲಿಲ್ಲ. ಆ ಪುಟ್ಟ ಮೋಟಾರನ್ನು ಮಾಡಿದವನು ಅಪ್ಪ. ನನ್ನ ಮೌನವನ್ನು ಅವರು ಸಂಕೋಚವೆಂದುಕೊಂಡರು. ನನ್ನ ವಿಷಯದಲ್ಲಿ ಎಲ್ಲರೂ ಮಾಡುತ್ತಿದ್ದ ತಪ್ಪು ಅದು. ಶಾಲೆಯಿಂದ ಅಂತರಶಾಲಾ ಪ್ರದರ್ಶನಕ್ಕೆ ಹೋಗುವುದು ಒಂದೇ ಮಾದರಿ, ಅದು ನಿನ್ನದು ಎಂದರು. ನಾಡಿದ್ದು ಅಲ್ಲಿಯೂ ಕೇಳುತ್ತಾರೆ, ನಾಳೆ ಬೆಳಿಗ್ಗೆ ನನಗೊಮ್ಮೆ ವಿವರಿಸಿಬಿಡು ಎಂದೂ ಹೇಳಿದರು.

ಹೊಸ ಶತಮಾನದ ಮೂರನೆಯ ವರ್ಷ. ನಾನು ಎಂಟನೇ ತರಗತಿ. ಅಪ್ಪ ವಡೋದರಾದ ಮಕರಪುರದಲ್ಲಿ ಒಂದು ಮೋಟಾರು ಕಾರ್ಖಾನೆಯಲ್ಲಿ ವೈಂಡರ್. ಹುಬ್ಬಳ್ಳಿಯಲ್ಲಿ ಐಟಿಐ ಮುಗಿಸಿ ಬಂದವನು, ದಿನವಿಡೀ ತಂತಿ ಸುತ್ತುತ್ತಿದ್ದ. ಅವನು ಸುತ್ತಿದ್ದರ ಮೇಲೆ ಕಬ್ಬಿಣದ ಕವಚ ಕೂತು, ಹಸಿರು ಬಣ್ಣ ಬಳಿದು, ಕಂಪನಿಯ ಹೆಸರು ಬೀಳುತ್ತಿತ್ತು. ಶಾಲೆಯಲ್ಲಿ ಮಾದರಿ ತರಹೇಳಿದರೆ ನಮ್ಮ ಹೌಸಿಂಗ್ ಸೊಸೈಟಿಯ ಮನೆಮನೆಯಲ್ಲೂ ಅಪ್ಪಂದಿರು ಥರ್ಮೋಕೋಲ್ ಕೊಯ್ಯುತ್ತ ಕೂರುವುದು ರೂಢಿ. ಅದನ್ನು ಯಾರೂ ಮೋಸವೆನ್ನುತ್ತಿರಲಿಲ್ಲ. ನಮ್ಮಪ್ಪ ಒಂದು ಭಾನುವಾರ ಸನ್ಮೈಕಾ ಹಲಗೆಗೆ ಎರಡು ಹಿತ್ತಾಳೆ ಪಟ್ಟಿ ನಿಲ್ಲಿಸಿ, ನಡುವೆ ಸುರುಳಿ ತೂಗಿಸಿ, ಕೆಳಗೆ ಹಳೆಯ ಸ್ಪೀಕರಿನ ಅಯಸ್ಕಾಂತ ಇಟ್ಟ. ಸೆಲ್ ಜೋಡಿಸಿದೊಡನೆ ಸುರುಳಿ ತಿರುಗಿತು. ನಾನು ತಂತಿಯ ಉಂಡೆ ಹಿಡಿದುಕೊಂಡಿದ್ದೆ. ನನ್ನ ಪಾಲು ಅಷ್ಟೇ.

ಸಂಜೆ ಅವನು ಕೆಲಸದಿಂದ ಬಂದಾಗ ಟೀಚರ್ ಕೇಳಿದ್ದನ್ನು ಹೇಳಿದೆ.

“ಅಷ್ಟನಾ? ಬರಕೋ. ಐದು ಸಾಲಾಗತೈತಿ, ಬಾಯಿಪಾಠ ಮಾಡಿಬಿಡು.”

“ಬ್ಯಾಡಪ್ಪಾ. ನಾನ ಒಂದು ಮಾಡ್ತೀನಿ.”

“ಯಾಕ, ಇದಕ್ಕೇನಾಗೇತಿ?”

“ಏನೂ ಆಗಿಲ್ಲ. ನಾ ಮಾಡಿಲ್ಲ, ಅಷ್ಟ.”

ಅವನು ಟವೆಲ್ಲಿನ ತುದಿಯಿಂದ ಹಲಗೆಯ ಮೇಲಿಲ್ಲದ ಧೂಳನ್ನು ಒರೆಸಿದ. “ನಾಡದು ಊರ ಮಂದಿ ನೋಡ್ತಾರ. ನೀ ಸೊಟ್ಟ ಸುತ್ತಿದ್ದು ಒಯ್ದರ ನಗೂದಿಲ್ಲೇನು?”

ತನ್ನ ಕೈಕೆಲಸವನ್ನು ಹತ್ತು ಜನ ನಿಂತು ನೋಡಲಿ ಎಂಬುದು ಅವನಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಆಗಲೇ ತಿಳಿಯಿತು. ತಿಳಿದೂ ಮಾತು ಬದಲಿಸಲಿಲ್ಲ. ಇಂದು ಕೇಳಿದರೂ ಬದಲಿಸುವುದಿಲ್ಲ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. “ಹಂಗಾರ ಅಕಿ ಸ್ಕರ್ಟ್ ಹಾಕ್ಕೊಂಡು ನೀವ ಹೋಗ್ರಿ,” ಎಂದಳು ಅವ್ವ. “ಜಡಿ ನಾ ಹಾಕಿ ಕೊಡ್ತೀನಿ. ಎರಡು ಹಾಕಲೋ, ಒಂದೋ?”

ಅಪ್ಪ ನಕ್ಕುಬಿಟ್ಟ. ನಕ್ಕ ಮೇಲೆ ಜಗಳ ಮುಂದುವರಿಸುವುದು ಅವನಿಗೆ ಬರುತ್ತಿರಲಿಲ್ಲ.

ಟಾರ್ಚಿನ ಸೆಲ್ಲಿಗೆ ತಂತಿ ಸುತ್ತಲು ಕುಳಿತೆ. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೊರಗಿ ಎಣಿಸಿದಳು: “ಲಾಭ, ಎರಡು, ಮೂರು…” ಜೋಳ ಅಳೆಯುವಾಗ ಒಂದು ಎನ್ನದೆ ಲಾಭ ಎನ್ನುವ ರೂಢಿಯನ್ನು ಅವಳು ಗುಜರಾತಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಅಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ಕುಳಿತ. ಒಂಬತ್ತನೆಯ ಸುತ್ತಿಗೆ “ಬಿಗಿ ಹಿಡಿ” ಅಂದ. ಅವ್ವ ಅವನತ್ತ ನೋಡಿದಳು. ನನ್ನ ಸುತ್ತುಗಳು ಒಂದರ ಮೇಲೊಂದು ಹತ್ತಿದವು. ಇಪ್ಪತ್ತೈದಕ್ಕೆ ನಿಲ್ಲಿಸಿ, ಸುರುಳಿಯನ್ನು ಸೆಲ್ಲಿನಿಂದ ಜಾರಿಸಿ ತೆಗೆದು, ಬ್ಲೇಡಿನಿಂದ ಎರಡೂ ತುದಿಗಳನ್ನು ಪೂರ್ತಿ ಕೆರೆದೆ; ಅರ್ಧ ಏಕೆಂದು ಗೊತ್ತಿಲ್ಲದೆ ಅರ್ಧ ಕೆರೆಯಲು ಮನಸ್ಸು ಒಪ್ಪಲಿಲ್ಲ. ಅವ್ವ ಸೆರಗಿನ ಪಿನ್ನು ಬಿಚ್ಚಿ, ಬಳೆಗೆ ಸಿಕ್ಕಿಸಿದ್ದ ಇನ್ನೊಂದನ್ನೂ ಸೇರಿಸಿ ಕೊಟ್ಟಳು. ಅವನ್ನು ಒಂದು ರಟ್ಟಿಗೆ ಚುಚ್ಚಿ ನಿಲ್ಲಿಸಿ, ಅವುಗಳ ಕಣ್ಣಿಗೆ ತುದಿ ತೂರಿಸಿ, ಕೆಳಗೆ ಇನ್ನೊಂದು ಅಯಸ್ಕಾಂತ ಇಟ್ಟು, ಸೆಲ್ ಜೋಡಿಸಿದೆ.

ಸುರುಳಿ ನಡುಗಿ ನಿಂತಿತು. ಬೆರಳಿನಿಂದ ತಳ್ಳಿದರೂ ಹಿಂದಕ್ಕೇ ಬಂತು.

ನಾನು ಅಪ್ಪನತ್ತ ನೋಡಲಿಲ್ಲ. ಅವನೇ ಹೇಳಿದ: “ಮೊದಲನೇ ಅರ್ಧ ಸುತ್ತು ಏನಾಗತೈತಿ ನೋಡು. ಉಳಿದರ್ಧ ಏನಾಗತೈತಿ ನೋಡು. ಇಷ್ಟ ನಾ ಹೇಳೂದು.”

ಬೆರಳಿನಿಂದ ಮೆಲ್ಲಗೆ ತಿರುಗಿಸಿದೆ. ಅರ್ಧ ಸುತ್ತಿನವರೆಗೆ ಅಯಸ್ಕಾಂತ ಮುಂದಕ್ಕೆ ತಳ್ಳುತ್ತಿತ್ತು. ಅದೇ ಅಯಸ್ಕಾಂತ ಉಳಿದರ್ಧದಲ್ಲಿ ಹಿಂದಕ್ಕೆಳೆಯುತ್ತಿತ್ತು. ಇನಾಮಲ್ ಉಳಿದ ಮಗ್ಗುಲು ಪಿನ್ನಿಗೆ ತಾಗಿ ಆ ಅರ್ಧದಲ್ಲಿ ಕರೆಂಟು ಹರಿಯದಿದ್ದರೆ ಎಳೆತವೂ ಇಲ್ಲ. ಬಂದ ವೇಗದಲ್ಲೇ ಸುರುಳಿ ದಾಟಿಕೊಳ್ಳುತ್ತದೆ. ಅದಕ್ಕೇ ಅರ್ಧ.

ಕೆರೆದ ಇನಾಮಲ್ ಮತ್ತೆ ಬರುವುದಿಲ್ಲ. ಒಂದು ತುದಿ ಕತ್ತರಿಸಿ, ಹೊಸ ತುದಿಗಾಗಿ ಒಂದು ಸುತ್ತು ಬಿಚ್ಚಿದೆ. ಈ ಸಲ ಒಂದೇ ಮಗ್ಗುಲು ಕೆರೆದೆ. ಸುರುಳಿ ಓಲಾಡುತ್ತ, ಪಿನ್ನಿಗೆ ತಾಗಿ ಟಿಕಟಿಕ ಎನ್ನುತ್ತ, ತಿರುಗತೊಡಗಿತು. ಅಪ್ಪ ಬೆರಳು ಹತ್ತಿರ ತಂದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ.

“ಸೊಟ್ಟ ಐತಿ,” ಎಂದ. “ಆದ್ರ ತಿರಗತೈತಿ.”

ಪ್ರದರ್ಶನಕ್ಕೆ ಅದೇ ಹೋಯಿತು, ಬಹುಮಾನ ಬರಲಿಲ್ಲ. ಅಪ್ಪ ಅರ್ಧ ದಿನ ರಜೆ ಹಾಕಿ ಬಂದಿದ್ದ. ತಾನು ವೈಂಡರ್ ಎಂದು ಯಾರಿಗೂ ಹೇಳದೆ ಗುಂಪಿನ ಹಿಂದೆ ನಿಂತು ನನ್ನ ಉತ್ತರಗಳನ್ನು ಕೇಳಿಸಿಕೊಂಡ. ಆದರೆ ಅದಕ್ಕಿಂತ ಮುಂಚಿನದು ನನ್ನ ಸುರುಳಿ ತಿರುಗಿದ ರಾತ್ರಿಯ ಮರುದಿನದ ಬೆಳಗು. ಗಂಟೆ ಬಾರಿಸುವ ಮೊದಲೇ ಶಾಲೆ ತಲುಪಿ, ಎರಡು ಡಬ್ಬಿಗಳಿಂದ ಎರಡು ಮೋಟಾರು ತೆಗೆದು ಟೀಚರ್ ಮೇಜಿನ ಮೇಲಿಟ್ಟೆ.

“ಯೇ ಪಪ್ಪಾ ಕಾ ಹೈ,” ಎಂದೆ. “ಯೇ ಮೇರಾ. ಚೌಬೀಸ್ ಟರ್ನ್.” ಅದು ಅಪ್ಪನದು, ಇದು ನನ್ನದು, ಇಪ್ಪತ್ನಾಲ್ಕು ಸುತ್ತು.

ಅವರು ಕೇಳುವ ಮೊದಲೇ, ಅರ್ಧ ಕೆರೆದ ತುದಿಯನ್ನು ಅವರ ಕಡೆಗೆ ತಿರುಗಿಸಿದೆ.