ರಬ್ಬರ್ ದೈತ್ಯನ ಸಾವು

ನಮ್ಮ ಯಜಮಾನರನ್ನು ಸ್ಟುಡಿಯೋದವರೆಲ್ಲ ‘ದೈತ್ಯ’ ಎಂದೇ ಕರೆಯುತ್ತಿದ್ದರು. ಊದಿದರೆ ಹಾರಿಹೋಗುವಂಥ ಆಳು! ದಪ್ಪಗಿದ್ದವರು ಸಿನಿಮಾದ ದೈತ್ಯನ ರಬ್ಬರ್ ವೇಷದೊಳಗೆ ಹಿಡಿಯುತ್ತಿರಲಿಲ್ಲ, ಅದಕ್ಕೇ ಇವರಿಗೆ ಆ ಕೆಲಸ. ಬೆನ್ನಿನ ಕಡೆಯಿಂದ ಇವರನ್ನು ಒಳಗೆ ತುರುಕಿ, ದಪ್ಪ ದಾರ ಹಾಕಿ ಹೊಲಿಯುವುದು ನನ್ನ ಕೆಲಸ. ಆಮೇಲೆ ಇವರು ರಟ್ಟಿನ ಊರನ್ನು ತುಳಿಯುತ್ತಿದ್ದರು, ಜನ ಟಾಕೀಸಿನಲ್ಲಿ ಕಿರುಚುತ್ತಿದ್ದರು.

ಈಗ ಮಗಳೂ ದೈತ್ಯನನ್ನೇ ಮಾಡುತ್ತಾಳೆ, ಕಂಪ್ಯೂಟರಿನಲ್ಲಿ. ಹೋದ ಭಾನುವಾರ ತನ್ನದನ್ನೂ ಅಪ್ಪನದನ್ನೂ ಒಂದೇ ಪರದೆಯ ಮೇಲೆ ಅಕ್ಕಪಕ್ಕ ಇಟ್ಟಳು.

“ನಿಂದು ಚೆನ್ನಾಗಿದೆ ಕಣೇ. ಚರ್ಮ, ಹಲ್ಲು, ಜೊಲ್ಲು, ಎಲ್ಲಾ ಇದೆ. ಭಾರ ಒಂದಿಲ್ಲ ನೋಡು. ಅಷ್ಟು ದೊಡ್ಡ ಪ್ರಾಣಿ ಬೆಕ್ಕಿನ ಹಾಗೆ ನೆಗೆಯುತ್ತೆ,” ಎಂದರು ಇವರು.

“ನಿಂದು ಗೋಣಿಚೀಲ ಹೊತ್ಕೊಂಡು ಬಂದ ಹಾಗಿದೆಯಪ್ಪಾ,” ಎಂದು ಮಗಳು ನಕ್ಕಳು. “ಆದ್ರೆ ಸಾಯೋದು ಮಾತ್ರ ಈಗಿನ ಯಾವ ದೈತ್ಯನಿಗೂ ನಿನ್ನ ಥರ ಬರಲ್ಲ. ನನ್ನದೂ ಹಾಗೇ ಸಾಯ್ಬೇಕು. ಹೇಗೆ ಮಾಡ್ದೆ ಹೇಳು.”

ಇವರು ಮೀಸೆ ತಿರುವಿದರು. “ಅದೆಲ್ಲ ಹೇಳ್ಕೊಟ್ರೆ ಬರಲ್ಲಮ್ಮ. ನಟನೆ ಅಂದ್ರೆ...”

ನನಗೆ ಮೈಯೆಲ್ಲ ಉರಿದುಹೋಯಿತು. “ಏನ್ರೀ ನಟನೆ? ಮಗಳ ಮುಂದೆ ಬೊಗಳೆ ಬಿಡಬೇಡಿ! ಇವಳ ದೈತ್ಯನೊಳಗೆ ಯಾರೂ ಇಲ್ಲ, ಅದೇ ಪುಣ್ಯ!” ಎಂದೆ. ಇಷ್ಟು ವರ್ಷ ಇವರು ಮುಚ್ಚಿಟ್ಟಿದ್ದನ್ನು ಹೇಳಿಯೇಬಿಟ್ಟೆ.

ವೇಷದೊಳಗಿಂದ ಕೂಗಿದರೆ ಹೊರಗೆ ಕೇಳುತ್ತಿರಲಿಲ್ಲ. ಅದಕ್ಕೆ ನಮ್ಮಲ್ಲೊಂದು ಕಟ್ಟುಪಾಡು: ಉಸಿರು ಕಟ್ಟಿದರೆ ಇವರು ಎರಡೂ ಕೈ ಎತ್ತಬೇಕು, ನಾವು ಓಡಿಹೋಗಿ ಬಿಚ್ಚಬೇಕು. ದೈತ್ಯ ಸಾಯುವ ದೃಶ್ಯದ ದಿನ ನಿರ್ದೇಶಕರಿಗೆ ಅದೇನು ಹೊಳೆಯಿತೋ, “ಆಕಾಶದ ಕಡೆ ಎರಡೂ ಕೈ ಎತ್ತಿ ಸಾಯಿ” ಎಂದುಬಿಟ್ಟರು. ಇವರೂ ಹೂಂ ಎಂದರು. ಅದು ನಮ್ಮ ಸನ್ನೆಯಲ್ಲವೇ ಎಂದು ಅಷ್ಟು ಜನರಲ್ಲಿ ಒಬ್ಬರಿಗಾದರೂ ಹೊಳೆಯಬಾರದೇ?

ರಟ್ಟಿನ ಮನೆಗಳಿಗೆ ಬೆಂಕಿ ಹಚ್ಚಿದರು. ಹೊಗೆ ತುಂಬಿತು. ದೈತ್ಯ ತೂರಾಡುತ್ತಾ ಬಂದು ಕೈ ಎತ್ತಿದ. ಇಳಿಸಿದ. ಮತ್ತೆ ಎತ್ತಿದ. ಮಂಡಿಯೂರಿ ಮುಂದಕ್ಕೆ ಬಿದ್ದ. “ಭೇಷ್! ಕ್ಯಾಮೆರಾ ನಿಲ್ಲಿಸ್ಬೇಡಿ!” ಎಂದು ನಿರ್ದೇಶಕರು ಪಿಸುಗುಟ್ಟಿದರು. ನಾನು ಹಿಂದುಗಡೆ ನಿಂತಿದ್ದೆ. ಇವರು ಉಸಿರೆಳೆದಾಗಲೆಲ್ಲ ಬೆನ್ನಿನ ಹೊಲಿಗೆ ಬಿರಿದು, ಬಿಟ್ಟಾಗ ಕೂಡಿಕೊಳ್ಳುತ್ತಿತ್ತು. ಈಗ ಅದು ಅಲುಗುತ್ತಲೇ ಇಲ್ಲ. ಕತ್ತರಿ ಹಿಡಿದು ಬೆಂಕಿಯ ನಡುವೆಯೇ ನುಗ್ಗಿದೆ. ಯಾರೋ ತೋಳು ಹಿಡಿದೆಳೆದರು, ಕೊಡವಿಕೊಂಡೆ. ದಾರ ಕತ್ತರಿಸಿದೆ. ಬಿಸಿಗೆ ರಬ್ಬರ್ ಅಂಟಿಕೊಂಡಿತ್ತು, ಅದನ್ನೂ ಸೀಳಿದೆ. ಹೊರಗೆಳೆದರೆ ತುಟಿ ನೀಲಿಗಟ್ಟಿತ್ತು. ಕೆನ್ನೆಗೆ ಬಾರಿಸಿದೆ, ಎದೆ ಗುದ್ದಿದೆ, ಬಾಯಿಗೆ ಬಂದ ಹಾಗೆ ಬೈದೆ. ಎಷ್ಟೋ ಹೊತ್ತಿನ ಮೇಲೆ ಕೆಮ್ಮಿದರು.

ನಾನು ಓಡಿಬಂದದ್ದನ್ನು ಕತ್ತರಿಸಿಹಾಕಿ, ಉಳಿದದ್ದನ್ನು ಚಿತ್ರದಲ್ಲಿ ಹಾಗೇ ಇಟ್ಟುಕೊಂಡರು. ಜನ ಈಗಲೂ ಚಪ್ಪಾಳೆ ತಟ್ಟುವುದು ಅದಕ್ಕೇ.

ಇದನ್ನು ಕೇಳಿದ ಮಗಳು ಅಪ್ಪನ ದೈತ್ಯನನ್ನು ಪರದೆಯಿಂದ ತೆಗೆದಳು. “ಬೇಡಮ್ಮ. ನನ್ನದು ಬೇರೆ ಥರ ಸಾಯ್ಲಿ.”

“ತೆಗೀಬೇಡ ಕಣಮ್ಮಾ,” ಎಂದರು ಇವರು. “ಮೊದಲನೇ ಸಲ ಕೈ ಎತ್ತಿದ್ದು ನಿರ್ದೇಶಕರು ಹೇಳಿದ್ರು ಅಂತ. ಎರಡನೇ ಸಲ ಎತ್ತಿದ್ದು ನಿಮ್ಮಮ್ಮನ್ನ ಕರೆಯೋಕೆ. ಅವಳು ಬಂದೇ ಬರ್ತಾಳೆ ಅಂತ ಗೊತ್ತಿತ್ತು. ಅದನ್ನ ಇಟ್ಕೋ.”

ನಾನು ಗೊಳೋ ಎಂದು ಅತ್ತುಬಿಟ್ಟೆ.