ಎರಡು ಸ್ಟೇಷನ್, ಎರಡು ಸ್ಕೂಟರ್

ಭದ್ರಾವತಿ ನ್ಯೂಟೌನಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ. ವರ್ಗವಾಗಿ ಹೋದ ಹೊಸದರಲ್ಲಿ ಬಸ್ಸಿನಲ್ಲಿ ಓಡಾಡಿ ಸೊಂಟ ಹಿಡಿದುಕೊಂಡಿತು. ಆಮೇಲೆ ತಿಂಗಳ ಪಾಸು ಮಾಡಿಸಿ ರೈಲಿಗೆ ಬದಲಾಯಿಸಿದೆ. ಬೆಳಿಗ್ಗೆ ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಬರುವುದು, ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿ ರೈಲು ಹತ್ತುವುದು. ಆ ಕಡೆ ಇಳಿದ ಮೇಲೆ ಶಾಲೆಗೆ ಅರ್ಧ ಗಂಟೆ ನಡಿಗೆ. ಸಂಜೆ ಅದೇ ದಾರಿ ತಿರುಗಾಮುರುಗಾ.

ನಾನು ಹತ್ತುವ ರೈಲಿಗೆ ಸ್ವಲ್ಪ ಮುಂಚೆ ಭದ್ರಾವತಿ ಕಡೆಯಿಂದ ಇನ್ನೊಂದು ರೈಲು ಬರುತ್ತಿತ್ತು. ಅದರಿಂದ ಇಳಿದು ಹೊರಗೆ ಹೋಗುವವರಲ್ಲಿ ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು ದಿನಾ ಎದುರಾಗುತ್ತಿದ್ದರು. ಎತ್ತರದ ಆಳು, ಕೈಯಲ್ಲಿ ನೀಲಿ ಐಸ್ ಡಬ್ಬಿ. ಮೊದಮೊದಲು ಮುಖ ನೋಡಿಕೊಳ್ಳುತ್ತಿದ್ದೆವು, ಆಮೇಲೆ ನಗು, ಆಮೇಲೆ "ತಿಂಡಿ ಆಯ್ತಾ?" ಅಷ್ಟೇ. ಅವರು ದುರ್ಗಿಗುಡಿಯ ಒಂದು ಲ್ಯಾಬಿನವರು, ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವುದು ಅವರ ಕೆಲಸ ಎಂದು ತಿಳಿಯುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು.

ಒಂದು ದಿನ ಆಟೋದವರ ಮುಷ್ಕರ. ನಾನು ಗಾಡಿ ನಿಲ್ಲಿಸಿ ಬರುವಾಗ ಅವರು ಸ್ಟೇಷನ್ನಿನ ಮುಂದೆ ಡಬ್ಬಿ ಹಿಡಿದುಕೊಂಡು ಅತ್ತಿತ್ತ ನೋಡುತ್ತಿದ್ದರು. ಐದು ಮನೆಯಲ್ಲಿ ಜನ ಬರಿ ಹೊಟ್ಟೆಯಲ್ಲಿ ಕಾಯುತ್ತಿದ್ದಾರೆ, ಅದರಲ್ಲಿ ಇಬ್ಬರು ತೀರ ವಯಸ್ಸಾದವರು ಎಂದರು. ನನ್ನ ರೈಲು ಹೊರಡುವ ಹೊತ್ತು. ಯಾಕೆ ಹಾಗೆ ಮಾಡಿದೆನೋ, ಬ್ಯಾಗಿನಿಂದ ಸ್ಕೂಟರಿನ ಕೀ ತೆಗೆದು ಅವರ ಕೈಗಿಟ್ಟೆ.

"ಸಂಜೆವರೆಗೂ ಸುಮ್ನೆ ನಿಂತಿರುತ್ತೆ. ಕೆಲಸ ಮುಗಿಸಿ ಇಲ್ಲೇ ಬಿಡಿ, ಕೀ ಸ್ಟ್ಯಾಂಡಿನವರ ಹತ್ರ ಕೊಡಿ" ಅಂದೆ.

ರೈಲು ತುಂಗಾ ಸೇತುವೆ ದಾಟುವಷ್ಟರಲ್ಲಿ ನಾನು ಮಾಡಿದ್ದೇನು ಅಂತ ಹೊಳೆಯಿತು. ಅವರ ಹೆಸರು ಗೊತ್ತಿಲ್ಲ, ಫೋನ್ ನಂಬರಿಲ್ಲ. ಆ ದಿನ ಎಂಟನೇ ಕ್ಲಾಸಿನಲ್ಲಿ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಸಂಜೆ ಇಳಿದವಳೇ ಸ್ಟ್ಯಾಂಡಿಗೆ ಹೋದರೆ ಗಾಡಿ ಅದೇ ಜಾಗದಲ್ಲಿತ್ತು. ವಾರದಿಂದ ಕೂತಿದ್ದ ಧೂಳನ್ನು ಒರೆಸಿದ್ದರು. ಸ್ಟ್ಯಾಂಡಿನವರು ಕೀ ಜೊತೆ ಒಂದು ಚೀಟಿ ಕೊಟ್ಟರು. 'ನನ್ನ ಗಾಡಿಯೂ ಭದ್ರಾವತಿ ಸ್ಟೇಷನ್ನಿನಲ್ಲಿ ದಿನವಿಡೀ ಸುಮ್ಮನೆ ನಿಂತಿರುತ್ತೆ ಮೇಡಂ. ನೀವು ಅಲ್ಲಿ ಸ್ಕೂಲಿಗೆ ನಡೆದುಕೊಂಡು ಹೋಗ್ತೀರಂತೆ, ಸ್ಟ್ಯಾಂಡಿನವರು ಹೇಳಿದ್ರು. ನಾಳೆ ಅದರ ಕೀ ತರ್ತೀನಿ' ಎಂದಿತ್ತು.

ಹಾಗೆ ಶುರುವಾಯಿತು. ಇಬ್ಬರೂ ಎರಡನೇ ಕೀಗಳನ್ನು ಬದಲಾಯಿಸಿಕೊಂಡೆವು. ನನ್ನ ಗಾಡಿಯಲ್ಲಿ ಅವರು ಶಿವಮೊಗ್ಗ ಸುತ್ತುವುದು, ಅವರ ಗಾಡಿಯಲ್ಲಿ ನಾನು ಶಾಲೆಗೆ ಹೋಗಿ ಬರುವುದು. ಅವರದು ಹಳೆಯ ಗಾಡಿ, ಚಳಿಗಾಲದಲ್ಲಿ ನಾಲ್ಕು ಸಲ ಒದೆಯದೆ ಹೊರಡುತ್ತಿರಲಿಲ್ಲ. ಹೆಲ್ಮೆಟ್ ಮಾತ್ರ ಅವರವರದೇ, ಹಾಗಾಗಿ ಅದನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೂರುತ್ತಿದ್ದೆ. "ರೈಲಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ರಾ ಮೇಡಂ?" ಎಂದು ಭದ್ರಾವತಿ ಕಾರ್ಖಾನೆಗೆ ಹೋಗುವ ಒಬ್ಬರು ಕೇಳಿದಾಗ ಬೋಗಿಯಲ್ಲಿದ್ದವರೆಲ್ಲ ನಕ್ಕಿದ್ದರು.

ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ನಮ್ಮ ಮನೆಯವರು ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ಕಾಗದಪತ್ರದ ಮನುಷ್ಯ. ಕೇಳಿದರೆ ಇನ್ಶೂರೆನ್ಸ್, ಲೈಸೆನ್ಸ್ ಅಂತ ಶುರುಮಾಡಿ ಬೇಡ ಅನ್ನುವುದು ಗ್ಯಾರಂಟಿ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ನಾಲ್ಕು ತಿಂಗಳು ತಳ್ಳಿದೆ.

ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದು ಹಾಜರಿ ಕರೆಯುತ್ತಿದ್ದೆ. ನಮ್ಮ ಮನೆಯವರ ಫೋನು.

"ನಿನ್ನ ಗಾಡಿ ಎಲ್ಲಿದೆ?"

"ಸ್ಟೇಷನ್ ಹತ್ರ."

"ಇಲ್ಲ ಮಾರಾಯ್ತಿ, ನನ್ನ ಎದುರಿಗೇ ನಿಂತಿದೆ. ಅದರ ಮೇಲೆ ಒಬ್ರು ಕೂತೂ ಇದ್ದಾರೆ."

ಆದದ್ದಿಷ್ಟು. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿಯ ರಕ್ತ ತೆಗೆಯಲು ಆಕೆ ಬಂದಿದ್ದಾರೆ. ಪಕ್ಕದ ಮನೆಯವರು ನನ್ನ ಗಾಡಿಯನ್ನು ಗುರುತು ಹಿಡಿದು, ಟೀಚರ್ ಗಾಡಿ ಕಳುವಾಗಿದೆ ಅಂತ ಇವರನ್ನು ಎಬ್ಬಿಸಿದ್ದಾರೆ. ಇವರು ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಅಡ್ಡ ನಿಂತಿದ್ದಾರೆ. ಆಕೆ ಹೆದರಲಿಲ್ಲವಂತೆ. "ಪೊಲೀಸರಿಗೆ ಬೇಕಾದ್ರೆ ಫೋನ್ ಮಾಡಿ ಸಾರ್, ನಾನಿಲ್ಲೇ ಇರ್ತೀನಿ. ಆದ್ರೆ ಈ ಡಬ್ಬಿ ಮಾತ್ರ ಬೇಗ ಲ್ಯಾಬಿಗೆ ತಲುಪಬೇಕು, ಯಾರನ್ನಾದ್ರೂ ಕಳಿಸಿ" ಅಂದರಂತೆ. ನಾನು ಫೋನಿನಲ್ಲಿ ತಡವರಿಸುತ್ತ ವಿಷಯ ಹೇಳಿದೆ. ಇವರು ಪೂರ್ತಿ ಕೇಳಿಸಿಕೊಂಡು ಫೋನಿಟ್ಟರು.

ಆ ಸಂಜೆ ಸ್ಟೇಷನ್ನಿನಿಂದ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಹೋದೆ. ಇವರು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ, ಕೂಗಾಡಿದ್ದರೆ ವಾಸಿಯಿತ್ತು.

"ಬೇಡ ಅಂತಿದ್ದೆ, ನಿಜ. ಆದ್ರೂ ನೀನು ಕೇಳಬೇಕಿತ್ತು" ಅಂದರು.

ತಪ್ಪಾಯಿತು ಅಂದೆ. ಮನಸ್ಸಿನಿಂದಲೇ ಅಂದೆ. ಬೀದಿಯವರೆದುರು ಅವರು ಪೆಚ್ಚಾಗಿ ನಿಂತದ್ದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ಕಾಫಿ ಕೊಡುವಾಗ ನೋಡಿದರೆ ಅವರ ಮೊಣಕೈ ಒಳಗೆ ಹತ್ತಿಯ ಉಂಡೆ, ಮೇಲೊಂದು ಪಟ್ಟಿ. ಎರಡು ವರ್ಷದಿಂದ ಶುಗರ್ ಪರೀಕ್ಷೆ ಮಾಡಿಸಿ ಅಂತ ನಾನು ಬೇಡಿಕೊಂಡಿದ್ದೇ ಬಂತು, ಒಂದು ದಿನವೂ ಜಗ್ಗಿದವರಲ್ಲ. ಈಕೆ ಗಲಾಟೆ ಮುಗಿದ ಮೇಲೆ "ಸಾರ್, ತಿಂಡಿ ಆಗಿದೆಯಾ?" ಅಂತ ಕೇಳಿದ್ದಾರೆ. ಇಲ್ಲ ಅಂದದ್ದೇ ತಡ, ಅಲ್ಲೇ ಜಗಲಿಯಲ್ಲಿ ಕೂರಿಸಿ ರಕ್ತ ತೆಗೆದುಕೊಂಡು ಹೋಗಿದ್ದಾರೆ. ಕಳ್ಳಿ ಅಂದ ತಪ್ಪಿಗೆ ಇವರಿಗೂ ಬೇಡ ಅನ್ನಲು ಬಾಯಿ ಬಂದಿಲ್ಲ.

ಶುಗರ್ ಸ್ವಲ್ಪ ಹೆಚ್ಚೇ ಇತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು ದಿನಾ ನಡೆಯಲು ಹೇಳಿದರು. ಇವರು ಆ ವಾರವೇ ಗಾಡಿಯ ಕಾಗದ ಹಿಡಿದು ಇನ್ಶೂರೆನ್ಸ್ ಆಫೀಸಿಗೂ ಹೋಗಿ ಬಂದರು. ಲೈಸೆನ್ಸ್ ಇದ್ದವರು ಓಡಿಸಿದರೆ ಅಡ್ಡಿಯಿಲ್ಲವಂತೆ ಎಂದು ನನಗೆ ಹೊಸ ವಿಷಯ ಹೇಳುವವರಂತೆ ಹೇಳಿದರು. ಆಮೇಲೆ ತಿಂಗಳಿಗೊಮ್ಮೆ ಆಕೆ ಬರುವ ದಿನ ಇವರೇ ಬೇಗ ಎದ್ದು, ಸ್ನಾನ ಮಾಡಿ, ತೋಳು ಮಡಿಸಿಕೊಂಡು ಕಾಯುತ್ತಿದ್ದರು.

ಎರಡು ವರ್ಷಕ್ಕೂ ಹೆಚ್ಚು ಹೀಗೆ ನಡೆಯಿತು. ಕಳೆದ ವರ್ಷ ಆಕೆಗೆ ಭದ್ರಾವತಿಯಲ್ಲೇ, ನ್ಯೂಟೌನಿನ ಕ್ಲಿನಿಕ್ ಒಂದರಲ್ಲಿ ಕೆಲಸ ಸಿಕ್ಕಿತು. ಹಳೇನಗರದ ಮನೆಯಿಂದ ಸೀದಾ ಹೋಗಬಹುದು, ರೈಲು ಬೇಕಾಗಿಲ್ಲ. ನಾನು ಕೀ ಹಿಂದಿರುಗಿಸಿದೆ. ಸಂತೋಷವೇ ಆಯಿತು, ಅವರ ಮಗಳು ಇನ್ನೂ ಸಣ್ಣವಳು. ಆದರೆ ಮಾರನೆಯ ದಿನ ಭದ್ರಾವತಿಯಲ್ಲಿ ಇಳಿದು ನಡೆಯಲು ಶುರುಮಾಡಿದಾಗ ದಾರಿ ಮೊದಲಿಗಿಂತ ಉದ್ದವಾಗಿದೆ ಅನ್ನಿಸಿತು.

ಒಂದು ವಾರ ನಡೆದೆ. ಎಂಟನೆಯ ದಿನ ಹೊರಗೆ ಬಂದರೆ ಆಕೆ ಅದೇ ಹಳೆಯ ಗಾಡಿಯ ಮೇಲೆ ಕೂತಿದ್ದರು.

"ಹತ್ತಿ ಅಕ್ಕ. ನಿಮ್ಮ ಸ್ಕೂಲು ನನ್ನ ದಾರಿಲೇ ಇದೆ" ಅಂದರು.

ಪೂರ್ತಿ ದಾರಿಯಲ್ಲೇನೂ ಇಲ್ಲ, ಎರಡು ಕ್ರಾಸ್ ಸುತ್ತಬೇಕು. ನಾನು ವಾದ ಮಾಡಲಿಲ್ಲ. ಇಷ್ಟು ಕಾಲ ಒಬ್ಬರ ಗಾಡಿಯನ್ನೊಬ್ಬರು ಓಡಿಸಿದ್ದೆವು, ಒಂದೇ ಗಾಡಿಯಲ್ಲಿ ಕೂತಿದ್ದು ಅವತ್ತೇ ಮೊದಲು. ಈಗ ದಿನಾ ಬೆಳಿಗ್ಗೆ ಹತ್ತು ನಿಮಿಷ ಸಿಗುತ್ತಾರೆ. ಅವರ ಅತ್ತೆಯ ಮಂಡಿನೋವು, ಮಗಳ ಗಣಿತ, ನಮ್ಮ ಮನೆಯವರು ಕದ್ದು ತಿನ್ನುವ ಮೈಸೂರುಪಾಕು, ಎಲ್ಲ ಮಾತಾಡುತ್ತೇವೆ. ಗಾಳಿಗೆ ಅರ್ಧ ಮಾತು ಹಾರಿಹೋಗುತ್ತದೆ. ಶಾಲೆಯ ಗೇಟಿನ ಹತ್ತಿರ ಇಳಿದ ಮೇಲೆ ಇನ್ನೆರಡು ನಿಮಿಷ ಹಾರಿಹೋದದ್ದನ್ನು ಮತ್ತೆ ಹೇಳಿಕೊಂಡು, ಗಂಟೆ ಹೊಡೆದ ಮೇಲೆ ಒಳಗೆ ಓಡುತ್ತೇನೆ.