ರಾಣಿ ಯಾಕೆ ಕುಂಟಿದಳು?

ಭಾನುವಾರ ಬೆಳಗ್ಗೆ ಕುದೂರಿನ ಹತ್ತಿರದ ಅಕ್ಕನ ಮನೆಗೆ ಹೋದೆ. ಹಿತ್ತಲ ಒಲೆಯಲ್ಲಿ ಕುಡುಗೋಲು ಕಾಯುತ್ತಿತ್ತು.

ಕುದುರೆಗೆ ಬರೆ ಹಾಕಲು.

ನಮ್ಮ ಭಾವ ಶಿವಣ್ಣ ರೈತರು. ತಲೆತಲಾಂತರದಿಂದ ಹಸು ಸಾಕಿದ ಮನೆ. ಹೋದ ವರ್ಷ ಅದೇನು ಹುಕಿ ಬಂತೋ, ಒಂದು ಬಿಳಿ ಹೆಣ್ಣು ಕುದುರೆ ತಂದರು. ಹೆಸರು ರಾಣಿ. ಮಾಗಡಿ, ರಾಮನಗರದ ಕಡೆ ಮದುವೆಗಳಲ್ಲಿ ಗಂಡನ್ನು ಹೊತ್ತು ಮೆರವಣಿಗೆ ಹೋಗುವುದು ಅವಳ ಡ್ಯೂಟಿ. (ಫೋಟೋದಲ್ಲಿ ಗಂಡಿಗಿಂತ ಅವಳೇ ಚೆನ್ನಾಗಿ ಕಾಣುತ್ತಾಳೆ.) ಕೆಲವು ವಾರಗಳಿಂದ ಹಿಂದಿನ ಎಡಗಾಲನ್ನು ಎಳೆದು ನಡೆಯುತ್ತಿದ್ದಳು. ಗಾಯವಿಲ್ಲ, ಊತವಿಲ್ಲ, ಗೊರಸಿನಲ್ಲಿ ಮುಳ್ಳಿಲ್ಲ. ಕಾರಣ ಕಾಣದಿದ್ದಾಗ ನಮ್ಮ ಕಡೆ ಏನು ಮಾಡುತ್ತಾರೆ? ಬರೆ ಹಾಕುತ್ತಾರೆ.

ಅದಕ್ಕೆಂದೇ ಗುಡೇಮಾರನಹಳ್ಳಿಯಿಂದ ಚಿಕ್ಕಣ್ಣ ಬಂದಿದ್ದರು. ಕುರಿ ಸಾಕುವ ಹಿರಿಯರು. "ಸೊಂಟದ್ ನರ ಹಿಡ್ಕಂಡೈತೆ. ಎಲ್ಡ್ ಬರೆ ಎಳುದ್ರೆ ಬುಟ್ಕತದೆ" ಅಂದರು. ಎಷ್ಟೋ ಎತ್ತುಗಳಿಗೆ ಹಾಕಿದ ಕೈ. ಅನುಮಾನವೇ ಇರಲಿಲ್ಲ.

ಅಕ್ಕಪಕ್ಕದ ಗಂಡಸರು ಹಗ್ಗ ಹಿಡಿದು ನಿಂತಿದ್ದರು. ರಾಣಿಯ ಚರ್ಮ ಒಂದೇ ಸಮ ಅದುರುತ್ತಿತ್ತು. ಕಬ್ಬಿಣ ಇನ್ನೂ ಒಲೆಯಲ್ಲೇ ಇತ್ತು, ಮೈಗೆ ತಾಕಿರಲಿಲ್ಲ. ಆದರೂ ಅದುರುತ್ತಿತ್ತು.

"ಭಾವ, ಸ್ವಲ್ಪ ತಡೀರಿ. ಡಾಕ್ಟರನ್ನ ಕರೀತೀನಿ."

"ಏನ್ಲಾ ಬಾಮೈದ, ಪೇಪರ್ನಾಗೆ ಬರ್ಯೋದ್ ಬುಟ್ಟು ಕುದ್ರೆ ವೈದ್ಯ ಆಗ್ಬುಟ್ಟೇನ್ಲಾ?"

ಅಕ್ಕ ಒಂದು ಚೊಂಬು ನೀರು ತಂದು ಒಲೆಗೆ ಸುರಿದಳು. ಅಲ್ಲಿಗೆ ನಮಗೆ ಟೈಮ್ ಸಿಕ್ಕಿತು.

ರಾಮನಗರದಿಂದ ಬಂದ ಡಾಕ್ಟರಮ್ಮ ಮೊದಲು ಕುದುರೆಯನ್ನು ಮುಟ್ಟಲೇ ಇಲ್ಲ. ಟಾರು ರಸ್ತೆಯಲ್ಲಿ ನಡೆಸಿ, ಓಡಿಸಿ, ಹಿಂದೆ ನಿಂತು ಸೊಂಟದ ಏರಿಳಿತ ನೋಡಿದರು. ಆಮೇಲೆ ದೊಡ್ಡ ಇಕ್ಕಳದಂಥದ್ದರಲ್ಲಿ ಗೊರಸನ್ನು ಒತ್ತಿದರು. ರಾಣಿ ಅಲುಗಲಿಲ್ಲ. ಕಾಲನ್ನು ಕೊಂಚ ಹೊತ್ತು ಮಡಿಸಿ ಹಿಡಿದು ಬಿಟ್ಟು ಓಡಿಸಿದರು. ಕುಂಟು ಜಾಸ್ತಿಯಾಯಿತು.

ನಿಜವಾದ ಪತ್ತೇದಾರಿ ಶುರುವಾಗಿದ್ದು ಆಗ. ಗೊರಸಿನಿಂದ ಮೇಲಕ್ಕೆ, ಒಂದೊಂದೇ ಭಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್. ಯಾವ ಭಾಗ ಮರಗಟ್ಟಿದಾಗ ಕುಂಟು ನಿಲ್ಲುತ್ತದೋ, ನೋವು ಅಲ್ಲಿದೆ. ಗೊರಸು ಮರಗಟ್ಟಿತು. ಕುಂಟಿದಳು. ಅದರ ಮೇಲಿನ ಗಿಣ್ಣು ಮರಗಟ್ಟಿತು. ಕುಂಟಿದಳು. ಹಿಂಗಾಲಿನ ನಡುವಿನ ದೊಡ್ಡ ಗಂಟಿನ ಕೆಳಗೆ ಚುಚ್ಚಿ, ಕಾದು, ಮತ್ತೆ ಓಡಿಸಿದರು.

ರಾಣಿ ನೆಟ್ಟಗೆ ಓಡಿದಳು!

"ವಾಸಿಯಾಗೋಯ್ತು!" ಅಂತ ಅಕ್ಕ ಕೈಮುಗಿದಳು.

"ಇಲ್ಲಮ್ಮ, ವಾಸಿಯಾಗಿಲ್ಲ. ನೋವು ಎಲ್ಲಿದೆ ಅಂತ ಗೊತ್ತಾಯ್ತು, ಅಷ್ಟೆ."

ಸೊಂಟದಲ್ಲಂತೂ ಅಲ್ಲ. ಬರೆ ಬೀಳಬೇಕಿದ್ದ ಜಾಗಕ್ಕೂ ನೋವಿಗೂ ಸಂಬಂಧವೇ ಇರಲಿಲ್ಲ. ಚಿಕ್ಕಣ್ಣ ತಮ್ಮ ಮೊಣಕಾಲು ಉಜ್ಜಿಕೊಂಡು, "ನಂಗೂ ಒಸಿ ಚುಚ್ಚವ್ವ, ಮನೆಗಂಟ ನೆಟ್ಟಗ್ ನಡ್ಕಂಡೋಯ್ತೀನಿ" ಅಂದರು. ಎಲ್ಲರೂ ನಕ್ಕರು. ಹಗ್ಗ ಹಿಡಿದವರೂ.

ನೋವು ಎಲ್ಲಿ ಅಂತ ತಿಳಿಯಿತು. ಆದರೆ ಯಾಕೆ?

"ಇವಳನ್ನ ಎಲ್ಲಿ ಕಟ್ತೀರಿ?" ಡಾಕ್ಟರಮ್ಮ ಕೇಳಿದರು.

ಭಾವನ ಎದೆ ಉಬ್ಬಿತು. ಹಸುಗಳಿಗೆಂದು ಕಟ್ಟಿಸಿದ ಸಿಮೆಂಟಿನ ಕೊಟ್ಟಿಗೆ ತೋರಿಸಿದರು. ನೆಲ ಹಿಂದಕ್ಕೆ ಇಳಿಜಾರು. ತುದಿಯಲ್ಲಿ ಗಂಜಲ ಹರಿಯಲು ಚರಂಡಿ, ಎಡಮೂಲೆಯಲ್ಲಿ ಅಗಲ ಜಾಸ್ತಿ. ರಾಣಿಯನ್ನು ದಿನದಂತೆ ಕಟ್ಟಿದರು. ಅವಳು ಹಿಂದೆ ಸರಿದು ನಿಂತಳು. ನಾನು ಪಕ್ಕದಲ್ಲೇ ಇದ್ದೆ, ಬಗ್ಗಿ ನೋಡಿದೆ. ಎಡಗಾಲಿನ ಗೊರಸಿನ ಮುಂಭಾಗ ಚರಂಡಿಯ ಅಂಚಿನ ಮೇಲೆ, ಹಿಂಭಾಗ ಚರಂಡಿಯೊಳಗೆ, ಮೈಭಾರವೆಲ್ಲ ಆ ಗಂಟಿನ ಕೆಳಗೆ ಎಳೆಯುವಂತೆ.

ಹಸುವಾದರೆ ಮಲಗಿ ಮೆಲುಕು ಹಾಕುತ್ತದೆ. ಕುದುರೆ ಬಹುಪಾಲು ನಿಂತೇ ತೂಕಡಿಸುತ್ತದೆ. ಹಸುವಿಗೆ ಹೇಳಿ ಮಾಡಿಸಿದ ನೆಲದ ಮೇಲೆ ಅವಳು ಇಷ್ಟು ತಿಂಗಳು ಹೀಗೇ ನಿಂತಿದ್ದಳು.

"ಕಾರಣ ಇದೊಂದೇ ಅಂತ ಇವತ್ತೇ ಹೇಳಲ್ಲ. ಸ್ಕ್ಯಾನ್ ಮಾಡೋಣ" ಅಂದರು ಡಾಕ್ಟರಮ್ಮ. "ಆದ್ರೆ ಇನ್ಮೇಲೆ ಇಲ್ಲಿ ಕಟ್ಟಬೇಡಿ. ಈ ಸೀಸನ್ ಮೆರವಣಿಗೆನೂ ಬೇಡ."

ಭಾವ ಆ ಚರಂಡಿಯ ಅಂಚನ್ನು ಕಾಲಿನಿಂದ ಒತ್ತಿ ನೋಡಿದರು. "ನಮ್ ಮನೆಗಿಂತ ಈ ಕೊಟ್ಗೆನೇ ಚೆಂದಾಗೈತೆ ಕಣವ್ವ. ಅದ್ಕೇ ಇಲ್ಲಿ ಕಟ್ಟಿದ್ದು."

ಸುಳ್ಳಲ್ಲ. ಆ ಮನೆಯಲ್ಲಿ ಫ್ಯಾನ್ ಇರುವುದು ಕೊಟ್ಟಿಗೆಯಲ್ಲಿ ಮಾತ್ರ.

ಈಗ ರಾಣಿ ಅಂಗಳದ ಹೊಂಗೆ ಮರದಡಿ, ಸಮತಟ್ಟಾದ ಮಣ್ಣಿನ ಮೇಲೆ ಇದ್ದಾಳೆ. ಇನ್ನೂ ಕುಂಟುತ್ತಾಳೆ, ಮೊದಲಿಗಿಂತ ಕಡಿಮೆ. ಸುಧಾರಿಸುತ್ತಾಳೆ, ನನಗೆ ಅನುಮಾನವಿಲ್ಲ.

ನಮ್ಮ ಮನೆಗಳಲ್ಲೂ ಯಾರಾದರೊಬ್ಬರು ಕುಂಟುತ್ತಿರುತ್ತಾರೆ. ಮಾರ್ಕ್ಸ್ ಇಳಿದ ಮಗು. ಮಾತು ಬಿಟ್ಟ ಸೊಸೆ. ತಕ್ಷಣ ಟ್ಯೂಷನ್, ಬುದ್ಧಿವಾದ, ಗದರಿಕೆ. ಎಲ್ಲವೂ ಪ್ರೀತಿಯಿಂದಲೇ, ಭಾವನ ಹಾಗೆಯೇ.

ಅವರ ಕಾಲನ್ನು ಎಲ್ಲರೂ ನೋಡುತ್ತೇವೆ, ಅವರನ್ನು ಎಂಥ ನೆಲದ ಮೇಲೆ ನಿಲ್ಲಿಸಿದ್ದೇವೆ ಅಂತ ಒಮ್ಮೆಯಾದರೂ ಬಗ್ಗಿ ನೋಡಿದ್ದೇವಾ?